ಬಣ್ಣಕ್ಕೆ ಬಣ್ಣ ಕೂಡಿಸಿದ ವಾಯರುಗಳು

ನಾನು ಮಾಡದೆ ಬಿಟ್ಟ ಕೆಲಸ ಬಹಳ ಸಣ್ಣದು. "ಅಣ್ಣಾ, ವಾಯರ್ ಬದಲಿ ಮಾಡಿದಾಕಿ ನಾನು, ತಪ್ಪಾತು" ಎಂದು ಹೇಳಬೇಕಾಗಿತ್ತು. ಎಣಿಸಿದರೆ ಆರು ಮಾತು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳಿಗೂ ಆರು ಮಾತು ಜೋಡಿಸುವುದು ಕಷ್ಟವಾಗಬಾರದು. ನನಗೆ ಹತ್ತೊಂಬತ್ತು ದಿನ ಹಿಡಿಯಿತು.

ನನ್ನ ಅಣ್ಣ ಮಹಾದೇವ ಗೋಕಾಕಿನ ಒಂದು ಟಾಕೀಸಿನಲ್ಲಿ ಹದಿನೆಂಟು ವರ್ಷ ಆಪರೇಟರ್ ಆಗಿದ್ದ. ಸಿನಿಮಾ ಬಿಡುವ ಕೋಣೆಯಲ್ಲಿ ಕುಳಿತೇ, ಕೆಳಗಿನ ಯಾವ ಸ್ಪೀಕರಿನ ಕಾಗದ ಹರಿದಿದೆ ಎಂದು ಕಿವಿಯಿಂದ ಹೇಳುತ್ತಿದ್ದ. ಮನೆಮನೆಗೆ ಕೇಬಲ್ ಬಂದ ಮೇಲೆ ಟಾಕೀಸು ಮುಚ್ಚಿತು. ಅಣ್ಣ ಮೂಡಲಗಿಯ ನಮ್ಮ ಮನೆಗೆ ಬಂದ. ಬರುವಾಗ ಟಾಕೀಸಿನ ಮೂರು ಹಳೆಯ ಆಂಪ್ಲಿಫಾಯರು, ಐದು ಸ್ಪೀಕರು ಮತ್ತು ತನ್ನ ಎರಡು ಕಿವಿ ತಂದ. ಆಸ್ತಿ ಎಂದರೆ ಇಷ್ಟೇ.

ಆಮೇಲೆ ಒಂದು ದಿನ ಕೊಲ್ಹಾಪುರಕ್ಕೆ ಹೋಗಿ, ಯಾರೋ ಬಳಸಿ ಬಿಟ್ಟಿದ್ದ ಒಂದು ಕರಿ ಪೆಟ್ಟಿಗೆ ತಂದ. ಹೋಮ್ ಥಿಯೇಟರಿನ ಪ್ರಿ-ಆಂಪ್ಲಿಫಾಯರ್ ಅಂತೆ. ಮುಂದೆ ಹಸಿರು ಅಕ್ಷರ ಹೊಳೆಯುತ್ತಿದ್ದವು. ಹಿಂದೆ ಇರುವೆಗೂಡಿನಷ್ಟು ತೂತು.

"ಏನ್ ಮಾಡತೈತಿ ಇದು?" ಎಂದು ಅವ್ವ ಕೇಳಿದಳು.

"ಸಿನಿಮಾದ ಸಪ್ಪಳಾ ತಗೊಂಡು, ಯಾವುದು ಮುಂದಿನ ಸ್ಪೀಕರಿಗೆ, ಯಾವುದು ಹಿಂದಿನದಕ್ಕ ಅಂತ ಹಂಚತೈತಿ, ಅವ್ವಾ. ಮಾತು ಮುಂದಿನ ನಡುವಿನದರಾಗ ಬರತೈತಿ. ಮಳಿ, ಗುಡುಗು ಹಿಂದಿಂದ ಬರತಾವು."

"ತಾನು ಮಾತಾಡೂದಿಲ್ಲೇನು?"

"ಒಂದು ಮಾತೂ ಇಲ್ಲ."

"ಸುಮ್ಮನ ಕುಂತು ಎಲ್ಲಾರಿಗೂ ಕೆಲಸ ಹಚ್ಚತೈತಿ ಅನ್ನು. ನಾ ಮೂವತ್ತು ವರ್ಷ ಒದರಿದರೂ ಈ ಮನ್ಯಾಗ ಅದು ಆಗಲಿಲ್ಲ."

ಪೆಟ್ಟಿಗೆ ಬಂದ ದಿನವೇ ನಾನು ಅದನ್ನು ಮುಚ್ಚಲು ಒಂದು ಗವಸಣಿಗೆ ಹೊಲಿಯಲು ಕುಳಿತೆ. ನಾನು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಹೊಲಿದ ನನ್ನ ಕೌದಿಗಳು ಘಟಪ್ರಭೆಯ ತನಕ ಹೋಗಿವೆ. ನಮ್ಮ ಮನೆಯಲ್ಲಿ ಟಿವಿಗೆ, ಮಿಕ್ಸರಿಗೆ, ಹೊಲಿಗೆ ಮಷೀನಿಗೆ ಎಲ್ಲದಕ್ಕೂ ಅಂಗಿ ಉಂಟು. ಅಣ್ಣ ಕೈ ಅಡ್ಡ ಹಿಡಿದ.

"ಬ್ಯಾಡ, ಕಸ್ತೂರಿ. ಅದಕ್ಕ ಉಸಿರು ಬೇಕು. ಮುಚ್ಚಬ್ಯಾಡ, ಮುಟ್ಟಬ್ಯಾಡ."

ಮುಚ್ಚಲಿಲ್ಲ. ಇನ್ನೊಂದು ಮಾತಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಣ್ಣ ಪೆಟ್ಟಿಗೆಯನ್ನು ಹದಕ್ಕೆ ತಂದ ರೀತಿ ನೋಡುವಂತಿತ್ತು. ಅದರಲ್ಲಿ ಪರೀಕ್ಷೆಯ ಒಂದು ಗುಂಡಿ ಇತ್ತು. ಒತ್ತಿದರೆ "ಶ್ಶ್" ಎಂಬ ಸಪ್ಪಳ ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಹೋಗುತ್ತ ಕೋಣೆಯನ್ನು ಸುತ್ತುತ್ತಿತ್ತು. ಮೊದಲ ಸಲ ಅವ್ವ ಸ್ಟೋ ಆರಿಸಲು ಅಡಿಗೆಮನೆಗೆ ಓಡಿದಳು. ಅಣ್ಣ ಮಾತ್ರ ನಡುವೆ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಸಪ್ಪಳ ಬಂದ ಕಡೆಗೆ ಬೆರಳು ಮಾಡುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ.

ಇಷ್ಟೆಲ್ಲ ಯಾಕೆಂದರೆ ಹುಕ್ಕೇರಿಯ ಜಿನ್ನಪ್ಪ ಕಾಕಾ ತಮ್ಮ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಅರವತ್ತು ಕುರ್ಚಿಯ ಸಣ್ಣ ಸಿನಿಮಾ ಹಾಲು ಕಟ್ಟಿಸುತ್ತಿದ್ದರು. ಅದರ ಸಪ್ಪಳದ ಕೆಲಸ ಯಾರಿಗೆ ಕೊಡಬೇಕೆಂದು ಹುಡುಕುತ್ತಿದ್ದರು. "ನಿನ್ನ ಮನ್ಯಾಗ ಬಂದು ಒಮ್ಮೆ ಕೇಳತೀನಿ. ಮನಸಿಗೆ ಬಂದರ ಹಾಲು ನಿನ್ನ ಕೈಯಾಗ" ಎಂದು ಅಣ್ಣನಿಗೆ ಹೇಳಿದ್ದರು. ಟಾಕೀಸು ಮುಚ್ಚಿದ ಮೇಲೆ ಅಣ್ಣ ಮೊದಲ ಸಲ ತಲೆಗೆ ಎಣ್ಣೆ ಹಚ್ಚಿಕೊಂಡ.

ಕಾಕಾ ಬರುವ ದಿನ ಮಧ್ಯಾಹ್ನ ಅಣ್ಣ ಅವರಿಗೆ ದಾರಿ ತೋರಿಸಲು ಊರ ಮುಂದಿನ ನಾಕಾಕ್ಕೆ ಹೋದ. ನಾನು ಕಸ ಗುಡಿಸಿದೆ, ನೆಲ ಒರೆಸಿದೆ. ಪೆಟ್ಟಿಗೆಯ ಹಿಂದೆ ಇಣುಕಿದೆ.

ಅಣ್ಣ ಸಿಕ್ಕ ಸಿಕ್ಕ ಹಳೆಯ ವಾಯರು ಬಳಸಿದ್ದ. ಹಳದಿ ತುದಿ ಕೆಂಪು ತೂತಿನಲ್ಲಿ. ಕೆಂಪು ತುದಿ ಬಿಳಿ ತೂತಿನಲ್ಲಿ. ಬಿಳಿಯದು ಕರಿಯದರಲ್ಲಿ. ಕಣ್ಣು ಕಾಣದವರು ಹೊಲಿದ ಕೌದಿಯೂ ಹೀಗಿರುವುದಿಲ್ಲ. ಹುಕ್ಕೇರಿಯಿಂದ ದೊಡ್ಡವರು ಬರುತ್ತಾರೆ, ಹಿಂದೆ ಇಣುಕಿದರೆ ಮನೆಯ ಮರ್ಯಾದೆ ಏನಾಗಬೇಕು? ಎಲ್ಲ ವಾಯರು ಕಿತ್ತೆ. ಒದ್ದೆ ಅರಿವೆಯಿಂದ ಒರೆಸಿದೆ. ಆಮೇಲೆ ಕೆಂಪಿಗೆ ಕೆಂಪು, ಬಿಳಿಗೆ ಬಿಳಿ ಕೂಡಿಸಿದೆ. ಉಳಿದ ಹಳದಿಯನ್ನು ಉಳಿದ ತೂತಿಗೆ ಹಾಕಿದೆ. ದೂರ ನಿಂತು ನೋಡಿದೆ. ಚಂದ ಕಂಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾಕಾ ಬಂದರು. ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ನಡುವಿನ ಕುರ್ಚಿಯಲ್ಲಿ ಅವರನ್ನು ಕೂಡಿಸಿ ಅಣ್ಣ ಯುದ್ಧದ ಒಂದು ಸಿನಿಮಾ ಹಚ್ಚಿದ. ಟಿವಿಯಲ್ಲಿ ಸೇನಾಪತಿ ತುಟಿ ಬಿಚ್ಚಿದ. ಮಾತು ಕಾಕಾ ಅವರ ಬೆನ್ನ ಹಿಂದಿನ ಜೋಳದ ಚೀಲಗಳ ಕಡೆಯಿಂದ ಬಂತು.

ಕಾಕಾ ಹೊರಳಿ ನೋಡಿದರು. "ಹಿಂದ ಯಾರ ಅದಾರ?"

"ಜೋಳ ಐತ್ರಿ" ಎಂದಳು ಅವ್ವ.

ಎಡಕ್ಕೆ ಓಡಿದ ಕುದುರೆಯ ಸಪ್ಪಳ ಬಲಕ್ಕೆ ಹೋಯಿತು. ಹಿಂದೆ ಗುಡುಗಬೇಕಾದ ಗುಡುಗು ಸೇನಾಪತಿಯ ಬಾಯಿಂದ ಹೊರಟಿತು. ರಾಣಿ ಅತ್ತಳು, ಅದೂ ಜೋಳದ ಚೀಲದಲ್ಲಿ. ಕಾಕಾ ಅವರ ಕುತ್ತಿಗೆ ಟೇಬಲ್ ಫ್ಯಾನಿನಂತೆ ತಿರುಗತೊಡಗಿತು. ಅಣ್ಣ ಪೆಟ್ಟಿಗೆಯ ಹಿಂದೆ ಇಣುಕಿದ. ವಾಯರು ಹಾಕುವಾಗ ಅವನು ಸಪ್ಪಳ ಕೇಳಿದ್ದನೇ ಹೊರತು ಬಣ್ಣ ನೋಡಿರಲಿಲ್ಲ; ಈಗ ಬಣ್ಣಕ್ಕೆ ಬಣ್ಣ ಕೂಡಿತ್ತು. ಅಷ್ಟು ನೀಟಾಗಿ ಇದ್ದದ್ದರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

"ಯಾರರೆ ಮುಟ್ಟೀರೇನು ಇದನ್ನ?" ಎಂದ ಅಣ್ಣ.

"ಇಲ್ಲ" ಎಂದೆ. ಆ ಮಾತು ಮಾತ್ರ ಸರಿಯಾಗಿ ಮುಂದಿನಿಂದ ಬಂತು.

"ಅರ್ಧ ತಾಸು ಕೊಡ್ರಿ ಕಾಕಾ, ಹುಡುಕತೀನಿ."

"ಎಲ್ಲಿ ಅರ್ಧ ತಾಸೋ ಮಹಾದೇವ. ಹೊತ್ತು ಮುಳುಗೂದರಾಗ ನನ್ನ ಊಟ ಆಗಬೇಕು, ಹುಕ್ಕೇರಿ ಮುಟ್ಟಬೇಕು." ಕಾಕಾ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನಕ್ಕರು. "ಕಿವಿ ಎಲ್ಲಿಟ್ಟು ಹಚ್ಚಿದ್ಯೋ? ನನ್ನ ಹಾಲಿನ ಗಿಲಾವು ಒಣಗಾಕ ಇನ್ನ ಇಪ್ಪತ್ತು ದಿನ ಐತಿ. ಅಷ್ಟರಾಗ ನೋಡು."

ಆಗಲೇ ಹೇಳಬಹುದಿತ್ತು. ಆದರೆ ನಾನು ಬುದ್ಧಿವಂತೆ. ಯಾರಿಗೂ ತಿಳಿಯದಂತೆ ವಾಯರು ಮೊದಲಿನ ಹಾಗೆ ಹಾಕಿಬಿಟ್ಟರೆ ಆಯಿತಲ್ಲ ಎಂದುಕೊಂಡೆ. ಆದರೆ ಕೆಂಪೇ ಎರಡು, ಬಿಳಿಯೇ ಎರಡು; ಯಾವುದು ಎಲ್ಲಿತ್ತೆಂದು ನೆನಪಿರಲಿಲ್ಲ. ಮರುದಿನ ಅಣ್ಣ ಸ್ನಾನಕ್ಕೆ ಹೋದಾಗ ಎರಡು ಬದಲಿಸಿದೆ. ಸೇನಾಪತಿ ಜೋಳದ ಚೀಲದಿಂದ ಎದ್ದು ತುಳಸಿಕಟ್ಟೆಯ ಕಡೆಯ ಕಿಟಕಿಗೆ ಬಂದ. ಅದರ ಮರುದಿನ ಇನ್ನೆರಡು ಬದಲಿಸಿದೆ. ಅವನು ಅಡಿಗೆಮನೆಯ ಬಾಗಿಲಿಗೆ ಹೋದ. ಮುಂದೆ ಮಾತ್ರ ಬರಲೊಲ್ಲ.

ನಾಲ್ಕನೆಯ ದಿನ ಅಣ್ಣ ಪರೀಕ್ಷೆಯ ಗುಂಡಿ ಒತ್ತಿ, ನನ್ನನ್ನು ಕರೆದು ಕುರ್ಚಿಯಲ್ಲಿ ಕೂಡಿಸಿದ.

"ಪೆಟ್ಟಿಗಿ ಮ್ಯಾಲೆ 'ಎಡ' ಅಂತ ಅಕ್ಷರ ಬಂದಾವು. ನನ್ನ ಕಿವಿಗೆ ಹಿಂದಿಂದ ಕೇಳಾಕತ್ತೈತಿ. ನಿನ್ನೆ ಬ್ಯಾರೆ ಕಡೆ ಇತ್ತು, ಮೊನ್ನೆ ಮತ್ತೊಂದು ಕಡೆ. ನೀ ಖರೆ ಹೇಳು, ನಿನಗೆಲ್ಲಿ ಕೇಳತೈತಿ?"

ಸಪ್ಪಳ ನನ್ನ ಹಿಂದೆ, ಹೆಡಕಿನ ಮೇಲೆ ಶ್ಶ್ ಎನ್ನುತ್ತಿತ್ತು. "ಎಡಕ್ಕ, ಅಣ್ಣಾ" ಎಂದೆ. ಪೆಟ್ಟಿಗೆ ಸರಿ ಇದೆ ಎಂದರೆ ಅವನು ಅದರ ಹಿಂದೆ ಹೋಗುವುದಿಲ್ಲ ಎಂಬುದು ನನ್ನ ಲೆಕ್ಕ. ಹೋಗಲಿಲ್ಲ. ತನ್ನ ಎರಡೂ ಕಿವಿ ಮುಟ್ಟಿ ನೋಡಿಕೊಂಡ.

"ಹಂಗಾರ ಇವ ಹೋಗ್ಯಾವು" ಎಂದ.

ಅವನ ಜೊತೆಗೆ ಘಟಪ್ರಭೆಗೆ, ಕಿವಿಯ ಡಾಕ್ಟರ ಹತ್ತಿರವೂ ಹೋದೆ. ಚೆನ್ನಾಗಿರುವ ಕಿವಿಯನ್ನು ತೋರಿಸಲು, ಅದು ಕೆಟ್ಟಿದೆ ಎನಿಸಿದವಳೇ ಚೀಟಿ ಹಿಡಿದು ಸಾಲಿನಲ್ಲಿ ನಿಂತಳು! ಡಾಕ್ಟರು ಬ್ಯಾಟರಿ ಹಾಕಿ ನೋಡಿದರು.

"ಕಿವಿ ಬೆಸ್ಟ್ ಅದಾವು. ಸ್ವಲ್ಪ ಗುಗ್ಗಿ ಐತಿ, ಅಷ್ಟ."

"ದಿಕ್ಕು ತಪ್ಪತಾವ್ರಿ, ಡಾಕ್ಟರ್ ಸಾಹೇಬ್ರ."

"ಕಿವಿ ಏನು ಎತ್ತೇನಪಾ, ದಿಕ್ಕು ತಪ್ಪಾಕ?" ಎಂದ ಅವರು ಎಣ್ಣೆಯಂಥ ಔಷಧ ಬಿಟ್ಟು, ಎರಡೂ ಕಿವಿಗೆ ಗಟ್ಟಿಯಾಗಿ ಹತ್ತಿ ತುರುಕಿದರು. ವಾರದ ತನಕ ತೆಗೆಯಬಾರದೆಂದರು.

ತಿರುಗಿ ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಎಲ್ಲ ಹೇಳಿಬಿಟ್ಟೆ. ವಾಯರು, ಒದ್ದೆ ಅರಿವೆ, ಸುಳ್ಳು, ಒಂದೂ ಬಿಡಲಿಲ್ಲ. ಕೊನೆಗೆ ತಪ್ಪಾಯಿತೆಂದೂ ಹೇಳಿದೆ. ಅಣ್ಣ ತಲೆಯಾಡಿಸಿದ.

"ಹೂಂ. ಕಿಡಕಿ ಮುಚ್ಚು. ಗಾಳಿ ಬರಾಕತ್ತೈತಿ."

ಆ ರಾತ್ರಿ ನಾನು ಸುಖವಾಗಿ ನಿದ್ದೆ ಮಾಡಿದೆ. ನಾನು ಒಪ್ಪಿಕೊಂಡಾಗಿತ್ತು. ಹೇಳುವುದು ನನ್ನ ಧರ್ಮ, ಕೇಳುವುದು ಕೇಳುವವರ ಧರ್ಮ. ಆ ವಾರದಲ್ಲಿ ಇನ್ನೂ ಎರಡು ಸಲ ಒಪ್ಪಿಕೊಂಡೆ. ಒಮ್ಮೆ ರೊಟ್ಟಿ ಬಡಿಯುತ್ತ, ಒಮ್ಮೆ ಅವನು ಹಿತ್ತಿಲಲ್ಲಿದ್ದಾಗ ಒಳಗಿನಿಂದ. ಪಾಪ ಕಳೆದುಕೊಳ್ಳಲು ಹತ್ತಿಯಂಥ ಸಾಧನ ಇನ್ನೊಂದಿಲ್ಲ.

ಹತ್ತಿ ತೆಗೆದ ದಿನ ನನ್ನ ಧೈರ್ಯವೂ ಅದರ ಜೊತೆಗೆ ಹೋಯಿತು. ಅಣ್ಣ ಮತ್ತೆ ಪೆಟ್ಟಿಗೆ ಹಚ್ಚಲಿಲ್ಲ. ಕೆಲವು ದಿನ ಸುಮ್ಮನೆ ಅಂಗಳದಲ್ಲಿ ಕುಳಿತ. ಹದಿನೆಂಟನೆಯ ದಿನ ನನ್ನ ಹತ್ತಿರ ಬಂದ.

"ಕಸ್ತೂರಿ, ಪೆಟ್ಟಿಗಿಗೆ ಒಂದು ಗವಸಣಿಗಿ ಹೊಲಿ."

"ಉಸಿರು ಬೇಕು ಅಂದಿದ್ದೆಲ್ಲ?"

"ಇನ್ನ ಬ್ಯಾಡ. ನಾಳೆ ಹುಕ್ಕೇರಿಗೆ ಹೋಗಿ ಕಾಕಾಗ ಹೇಳತೀನಿ, ಬ್ಯಾರೆ ಯಾರನ್ನರೆ ನೋಡ್ರಿ ಅಂತ. ಗೊಬ್ಬರದ ಅಂಗಡ್ಯಾಗ ಚೀಲ ಹೊರೂದಿದ್ದರ ಹೊರತೀನಿ. ಅದಕ್ಕ ಕಿವಿ ಬೇಕಾಗೂದಿಲ್ಲ."

ಸೂಜಿಗೆ ದಾರ ಪೋಣಿಸಿದೆ. ಅರಿವೆ ಕತ್ತರಿಸಿದೆ. ಒಂದು ಹೊಲಿಗೆ ಹಾಕಲೂ ಆಗಲಿಲ್ಲ. ಮರುದಿನ ಮುಂಜಾನೆ, "ನಾನೂ ಬರತೀನಿ" ಎಂದು ಹಿಂದೆ ಹೊರಟೆ. ಗೋಕಾಕ ದಾಟಿ ಹುಕ್ಕೇರಿಯ ತನಕ ಬಸ್ಸಿನಲ್ಲಿ ಬಾಯಿ ತೆರೆದದ್ದು ಆಕಳಿಸಲು ಮಾತ್ರ.

ಕಾಕಾ ನಮ್ಮನ್ನು ಮಾಳಿಗೆಗೆ ಕರೆದುಕೊಂಡು ಹೋದರು. ಹೊಸ ಗಿಲಾವಿನ ಬರಿದಾದ ಹಾಲು. ಒಂದು ಕುರ್ಚಿಯೂ ಬಂದಿರಲಿಲ್ಲ. ಚಪ್ಪಲಿಯ ಸಪ್ಪಳಕ್ಕೂ ಹಾಲು ತಿರುಗಿ ಉತ್ತರ ಕೊಡುತ್ತಿತ್ತು.

"ಕಾಕಾ, ನನ್ನ ಕಿವಿ..." ಎಂದು ಅಣ್ಣ ಶುರು ಮಾಡಿದ.

"ಅಣ್ಣಾ, ವಾಯರ್ ಬದಲಿ ಮಾಡಿದಾಕಿ ನಾನು" ಎಂದೆ. ಪಿಸುಮಾತಿನಲ್ಲೇ ಹೇಳಿದ್ದು. ಹಾಲು ಅದನ್ನು ಎತ್ತಿಕೊಂಡು "ನಾನು, ನಾನು" ಎಂದು ಒದರಿತು. ಹತ್ತೊಂಬತ್ತು ದಿನ ಮುಚ್ಚಿಟ್ಟದ್ದಕ್ಕೆ ಗೋಡೆಗಳೇ ಸಾಕ್ಷಿ ಹೇಳಿದವು. ಇನ್ನು ಮುಚ್ಚುವುದೇನಿದೆ? ಒದ್ದೆ ಅರಿವೆಯಿಂದ ಹಿಡಿದು ಹತ್ತಿಯ ತನಕ ಎಲ್ಲ ಹೇಳಿದೆ.

ಅಣ್ಣ ನನ್ನ ಕಡೆ ಹೊರಳಿದ.

"ಎಡಕ್ಕ ಅಂದಿದ್ದೆಲ್ಲ?"

"ಹಿಂದಿಂದ ಕೇಳಿತ್ತಣ್ಣಾ. ನಿನಗ ಕೇಳಿದಂಗನ ಕೇಳಿತ್ತು."

"ಚಲೋ ಇದ್ದ ಕಿವ್ಯಾಗ ಎಣ್ಣಿ ಬಿಡಿಸಿದಿ. ಹೂರಣಗಡಬಿಗೆ ತುಂಬಿದಂಗ ಹತ್ತಿ ತುಂಬಿಸಿದಿ." ಅವನ ಮಾತೂ ಗೋಡೆಗೆ ಬಡಿದು ತಿರುಗಿ ಬಂತು; ಅವನು ತಟ್ಟನೆ ತಲೆ ಓರೆ ಮಾಡಿದ. ಒಮ್ಮೆ ಚಪ್ಪಾಳೆ ತಟ್ಟಿದ. ಕಣ್ಣು ಮುಚ್ಚಿದ. ಬೆರಳು ತಾನಾಗಿ ಎದ್ದು ಬಲಗಡೆಯ ಹಿಂದಿನ ಮೂಲೆಯನ್ನು ತೋರಿಸಿತು.

"ಕಾಕಾ, ದನಿ ಆ ಮೂಲ್ಯಾಗ ಬಡದು ತಿರುಗಿ ಬರಾಕತ್ತೈತಿ. ಎರಡು ಸಲ. ಸಿನಿಮಾ ಹಚ್ಚಿದರ ಒಂದು ಮಾತೂ ತಿಳಿಯೂದಿಲ್ಲ. ಅಲ್ಲಿ ದಪ್ಪನ್ನ ಅರಿವಿ ಇಳಿಬಿಡಬೇಕು."

ಕಾಕಾ ಮೂಲೆಗೆ ಹೋಗಿ, ಕೊಡೆಯ ತುದಿಯಿಂದ ನೆಲ ಕುಟ್ಟಿ ಕೇಳಿದರು. "ಖರೆ ಐತಲ್ಲೋ. ಕಿವಿ ಹೋಗ್ಯಾವು ಅನ್ನಾಕ ಬಂದಿದ್ದೆಲ್ಲ?"

"ಹೋಗಿದ್ದಿಲ್ರಿ. ತಂಗಿ ಕಡೆ ಇದ್ದುವು."

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಲೂ ನಕ್ಕಿತು. "ಹಂಗಾರ ನಾಳಿಂದ ಬಾ. ಅರಿವಿ ಎಷ್ಟು ದಪ್ಪ ಬೇಕೋ?"

"ಕೌದಿಯಷ್ಟು" ಎಂದ ಅಣ್ಣ. ಇಬ್ಬರೂ ನನ್ನ ಕಡೆ ತಿರುಗಿದರು. ಗವಸಣಿಗೆಗೆ ಕತ್ತರಿಸಿಟ್ಟ ಅರಿವೆ ನೆನಪಾಯಿತು. ಒಂದು ಮೂಲೆಗೂ ಅದು ಎಲ್ಲಿಗೂ ಸಾಲದು. ಊರಿನ ಹಳೆಯ ಸೀರೆಯನ್ನೆಲ್ಲ ಕೂಡಿಸಬೇಕು.

"ಮೊದಲ ಗ್ವಾಡಿ ಪರೀಕ್ಷಾ ಆಗಲಿ" ಎಂದು ಅಣ್ಣ ಹಾಲಿನ ನಡುವೆ ಹೋಗಿ ಕಣ್ಣು ಮುಚ್ಚಿ ನಿಂತ. "ಕಸ್ತೂರಿ, ಆ ಮೂಲ್ಯಾಗ ನಿಂದ್ರು. ಅದನ್ನ ಹೇಳು."

"ಯಾವುದನ್ನ?"

"ಬಸ್ಸಿನಾಗ ನನ್ನ ಹತ್ತಿಗೆ ಹೇಳಿದ್ದೆಲ್ಲ, ಅದನ್ನ. ಪೂರಾ ಹೇಳು. ದೊಡ್ಡದಾಗಿ."

ಹೇಳಿದೆ. ಅವನು ಬೆರಳು ಮಾಡಿದ, ಕಾಕಾ ಗೋಡೆಗೆ ಸುಣ್ಣದ ಗುರುತು ಹಾಕಿದರು. ಎರಡನೆಯ ಮೂಲೆಗೆ ಕಳಿಸಿದ. ಹೇಳಿದೆ. ಮೂರನೆಯದರಲ್ಲಿ, "ಸಣ್ಣಾತು, ಮತ್ತೊಮ್ಮೆ" ಎಂದ. ಅವನ ತುಟಿಯ ಮೂಲೆಯಲ್ಲಿ ನಗು ಇತ್ತೆಂದು ನನಗೆ ಅನುಮಾನ. ನಾಲ್ಕನೆಯ ಮೂಲೆಗೆ ಹೋಗುವ ಹೊತ್ತಿಗೆ ಕೆಳಗಿನ ಗೊಬ್ಬರದ ಅಂಗಡಿಯ ಗಿರಾಕಿಗಳು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಸೆರಗು ಸರಿಮಾಡಿಕೊಂಡು, ಹುಕ್ಕೇರಿಗೆಲ್ಲ ಕೇಳುವ ಹಾಗೆ ಹೇಳಿದೆ:

"ಅಣ್ಣಾ, ವಾಯರ್ ಬದಲಿ ಮಾಡಿದಾಕಿ ನಾನು. ತಪ್ಪಾತು."