ಶಿವರುದ್ರಮ್ಮನಿಗೊಂದು ತಾರಸಿ ಬಾಕಿ

ನನ್ನ ಹೆಂಡತಿ ಶಿವರುದ್ರಮ್ಮನಿಗೆ ನಾನು ಒಂದು ತಾರಸಿ ಬಾಕಿ ಇದ್ದೇನೆ. ಸೊಸೈಟಿಯ ಸಾಲವಾಗಿದ್ದರೆ ಜಪ್ತಿಗೆ ಬಂದವರೆದುರು ಧರಣಿ ಕೂತು ಅಭ್ಯಾಸವಿದೆ. ಈ ಬಾಕಿ ಕೇಳುವವಳು ಎರಡು ಹೊತ್ತೂ ನನ್ನ ತಟ್ಟೆಗೆ ಮುದ್ದೆ ಹಾಕುವವಳು. ಅವಳೆದುರು ಧರಣಿ ಕೂತರೆ ಮುದ್ದೆ ಬರುವುದಿಲ್ಲ.

ಅವಳು ಹುಟ್ಟಿದ್ದು ನೊಣವಿನಕೆರೆ ಪಕ್ಕದ ತೆಂಗಿನ ತೋಟದ ಮನೆಯಲ್ಲಿ. ಮದುವೆಯಾಗಿ ಬಂದದ್ದು ತುರುವೇಕೆರೆ ರಸ್ತೆಯ ನಮ್ಮ ತೆಂಗಿನ ತೋಟದ ಮನೆಗೆ. ಮದುವೆಯ ಹೊಸದರಲ್ಲಿ ಏನು ಬೇಕೆಂದು ಕೇಳಿದ್ದೆ. (ಹೊಸದರಲ್ಲಿ ಎಲ್ಲ ಗಂಡಸರೂ ಕೇಳುತ್ತಾರೆ.) ಅವಳು ಒಡವೆ ಕೇಳಲಿಲ್ಲ.

"ಗರಿ ಸಂದಿಯಾಗೆ ಹರ್ಕಲು ಆಕಾಶ ನೋಡಿ ನೋಡಿ ಸಾಕಾಗೈತೆ ಕಣ್ರೀ. ಮೋಡನೂ ತುಂಡು, ಚಂದ್ರನೂ ತುಂಡು. ಒಂದು ತಾರಸಿ ಹಾಕ್ಸಿ. ಕಾಲು ಚಾಚ್ಕಂಡು ಕುಂತು ಇಡೀದು ನೋಡ್ಬೇಕು."

ತಾರಸಿ ಇಲ್ಲದ ಕಾರಣ ಅವಳು ಸಂಜೆ ಹೊತ್ತು ಬೆರಣಿ ತರುವ ನೆಪದಲ್ಲಿ ತೋಟದ ನಡುವಿನ ಹಳೆಯ ರಾಗಿ ಕಣಕ್ಕೆ ಹೋಗುತ್ತಿದ್ದಳು. ಅಲ್ಲಿ ಮರಗಳಿರಲಿಲ್ಲ. ಬೆರಣಿ ಆರಿಸುವುದಕ್ಕೆ ಇಷ್ಟು ಹೊತ್ತೇಕೆ ಎಂದು ನಾನು ಕೇಳುತ್ತಿದ್ದೆ. ಅವಳು ಮಂಕರಿ ಇಳಿಸಿ ಒಲೆ ಹಚ್ಚುತ್ತಿದ್ದಳು.

ಎಂಬತ್ತೊಂದರಲ್ಲಿ ಅವಳ ಅಣ್ಣ ಕರಿಬಸವಯ್ಯ ಕಚೇರಿಯಿಂದ ಕಚೇರಿಗೆ ಅಲೆದು ನಮಗೊಂದು ಸಿಮೆಂಟಿನ ಪರ್ಮಿಟ್ಟು ಕೊಡಿಸಿದ. ಆಗ ಪರ್ಮಿಟ್ಟಿಲ್ಲದೆ ಸಿಮೆಂಟು ಸಿಗುತ್ತಿರಲಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೊರಟವನಿಗೆ ದಾರಿಯಲ್ಲಿ ನಮ್ಮ ರೈತ ಹೋರಾಟದವರ ಒಂದು ಸಭೆ ಸಿಕ್ಕಿತು. ಮೈಕು ಸಿಕ್ಕಿದರೆ ನನಗೆ ಮನೆ ಮರೆಯುತ್ತದೆ. "ಬಡವನ ಗೋಡೆಗೆ ಸಿಗದ ಸಿಮೆಂಟು ಈ ಗಂಗಾಧರಯ್ಯನ ಸೂರಿಗೂ ಬೇಡ" ಎಂದು ಘೋಷಿಸಿ, ಮೆರವಣಿಗೆಯಲ್ಲಿ ಹೋಗಿ ಪರ್ಮಿಟ್ಟನ್ನು ತಾಲ್ಲೂಕು ಕಚೇರಿಗೆ ವಾಪಸು ಕೊಟ್ಟೆ. ಚಪ್ಪಾಳೆ ಬಿತ್ತು. ಮನೆಗೆ ಬಂದಾಗ ಬಾಗಿಲು ಹಾಕಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಒಂದೇ ಬಾಕಿ ಉಳಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಜೈಲಿತ್ತು.

ಅದಕ್ಕೆ ಹಿಂದಿನ ವರ್ಷ ರಸ್ತೆ ತಡೆ ಮಾಡಿ ನಾನು, ಮರುಳಸಿದ್ದಯ್ಯ, ಕೆಂಚಪ್ಪ ಇನ್ನೂ ಅನೇಕರು ಜೈಲಿನಲ್ಲಿದ್ದೆವು. ನಿಜ ಹೇಳುತ್ತೇನೆ, ಅಷ್ಟು ಸುಖವಾಗಿ ನಾನು ಬೇರೆಲ್ಲೂ ಬದುಕಿಲ್ಲ. ಒಂದೇ ಒಲೆ, ಒಂದೇ ತೊಟ್ಟಿ, ನಡುವೆ ಬೇಲಿಯಿಲ್ಲ. ಹೊರಗೆ ಬಂದ ಮೇಲೆ ಒಬ್ಬೊಬ್ಬರೂ ಅವರವರ ಬೇಲಿಯೊಳಗೆ ಹೋದರು. ಸಂತೆಯಲ್ಲಿ ಕಂಡರೆ ಕಾಯಿ ಧಾರಣೆ ಕೇಳುತ್ತಿದ್ದರು. ನನಗೆ ಆ ಒಂದೇ ಒಲೆ ಬೇಕಾಗಿತ್ತು. ಮತ್ತೆ ಜೈಲಿಗೆ ಹೋಗೋಣವೆಂದರೆ ಸರ್ಕಾರಕ್ಕೂ ಉತ್ಸಾಹವಿರಲಿಲ್ಲ.

ಆದ್ದರಿಂದ ನಾನು 'ಸಹಬಾಳ್ವೆ ನಗರ'ವೆಂಬ ಮಹಾಯೋಜನೆ ಹಾಕಿದೆ. ನಮ್ಮ ತೋಟದಲ್ಲೇ ಗೆಳೆಯರೆಲ್ಲರ ಮನೆಗಳು. ಮಣ್ಣಿನ ಗೋಡೆ, ತೆಂಗಿನ ಗರಿಯ ಸೂರು. ಸಿಮೆಂಟು, ಕಬ್ಬಿಣ, ಸೌದೆ, ಹೊಗೆ ಏನೂ ಇಲ್ಲ. ಎಲ್ಲರ ದನದ ಸಗಣಿ ಒಂದೇ ಗುಂಡಿಗೆ, ಆ ಗುಂಡಿಯ ಗ್ಯಾಸು ಎಲ್ಲರ ಅಡಿಗೆಗೆ. ಪಾತ್ರೆ ತೊಳೆದ ನೀರು ಬಾಳೆಗೆ. ಒಂದು ಮರವನ್ನೂ ಕಡಿಯುವಂತಿಲ್ಲ. ತಿಪಟೂರಿನ ಸಭೆಯಲ್ಲಿ ಇದನ್ನು ಹೇಳಿದಾಗ ಇಡೀ ಸಭೆ ಕೈ ಎತ್ತಿತು.

ಮೊದಲ ಮನೆ ನಮ್ಮದೇ ಎಂದು ಶುರು ಮಾಡಿದೆ. ಮರ ಕಡಿಯುವಂತಿಲ್ಲವಲ್ಲ, ಅದಕ್ಕೇ ಖಾಲಿ ಇದ್ದ ಜಾಗದಲ್ಲಿ ಕಟ್ಟಿದೆ. ಖಾಲಿ ಇದ್ದದ್ದು ರಾಗಿ ಕಣ. ಗೋಡೆ ಏಳುವಾಗ ಶಿವರುದ್ರಮ್ಮ ಬಂದು ನಿಂತು ನೋಡಿದಳು.

"ಇದೊಂದು ಉಳಿದಿತ್ತು" ಎಂದಳು.

"ಹೌದು ಕಣೇ, ಅದೃಷ್ಟ" ಎಂದೆ ನಾನು.

ಅವಳು ಬೆರಣಿಯ ಮಂಕರಿ ಎತ್ತಿಕೊಂಡು ಹೋದಳು. (ನನ್ನ ಬುದ್ಧಿಯ ಅಳತೆ ನಿಮಗೆ ಇಷ್ಟರಲ್ಲೇ ಸಿಕ್ಕಿರಬೇಕು.)

ಸಗಣಿಯ ವಿಷಯ ಬಂದಾಗ ಸಮಾಜವಾದ ಸ್ವಲ್ಪ ತಡವರಿಸಿತು. ಜೈಲಿನಲ್ಲಿ ನನ್ನ ತಟ್ಟೆಯಲ್ಲೇ ಉಂಡಿದ್ದ ಕೆಂಚಪ್ಪ, ದಿನಕ್ಕೊಂದು ಮಂಕರಿ ಸಗಣಿ ಕಳಿಸಪ್ಪ ಎಂದರೆ ತಲೆ ಕೆರೆದುಕೊಂಡ. "ಪ್ರಾಣ ಬೇಕಾದ್ರೆ ಕೇಳ್ಲಾ, ಕೊಡ್ತೀನಿ. ಸಗಣಿ ಮಾತ್ರ ನಮ್ಮನೇವ್ಳನ್ನ ಕೇಳ್ಬೇಕು" ಎಂದ. ಕೊನೆಗೆ ನಮ್ಮ ದನಗಳೇ ಇಡೀ ನಗರದ ಭಾರ ಹೊತ್ತವು. ಆದರೂ ಗ್ಯಾಸು ಉರಿಯಿತು. ಶಿವರುದ್ರಮ್ಮನ ಕಣ್ಣಿನ ಕೆಂಪು ಇಳಿಯಿತು. "ಇದೊಂದು ಉಪಕಾರ ಆಯ್ತು ಬುಡ್ರಿ" ಎಂದಳು. ಗೋಡೆಗೆ ಸುಣ್ಣ ಬಳಿದು ನಾನೇ ಕೆಮ್ಮಣ್ಣಿನಲ್ಲಿ ಬರೆದೆ: 'ಇಲ್ಲಿ ಹೊಗೆಗೆ ಪ್ರವೇಶವಿಲ್ಲ.'

ಯುಗಾದಿಯ ಹೊತ್ತಿಗೆ ಆ ವರ್ಷದ ಕಾಯನ್ನೆಲ್ಲ ಹೊಸ ಮನೆಯ ಅಟ್ಟಕ್ಕೆ ಏರಿಸಿದೆವು. ನಮ್ಮ ಸೀಮೆಯಲ್ಲಿ ಕೊಬ್ಬರಿ ಆಗುವುದೇ ಹಾಗೆ. ಸಿಪ್ಪೆ ಸಮೇತ ಕಾಯಿ ವರ್ಷವಿಡೀ ಅಟ್ಟದ ಮೇಲೆ ಮಲಗಿರುತ್ತದೆ. ಒಳಗಿನ ನೀರು ಇಂಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಣಗಿ ಗಿಟುಕಾದ ತಿರುಳು ಲೊಟಲೊಟ ಅನ್ನಬೇಕು. ಅದಾಗುವುದು ಕೆಳಗಿನ ಒಲೆಯ ಹೊಗೆಯಿಂದ. ಇದು ನಮ್ಮಲ್ಲಿ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಹೊಗೆಯ ವಿರುದ್ಧ ಭಾಷಣ ಮಾಡುತ್ತ ಮಾಡುತ್ತ ಅದರ ಕೆಲಸವೇ ಮರೆತುಹೋಗಿತ್ತು.

ದೀಪಾವಳಿ ಕಳೆದ ಮೇಲೆ ಮರುಳಸಿದ್ದಯ್ಯ, ಕೆಂಚಪ್ಪ ಇಬ್ಬರನ್ನೂ ನಗರ ವೀಕ್ಷಣೆಗೆ ಕರೆದೆ. ಮನೆ ಒಪ್ಪಿದರೆ ಪಕ್ಕದಲ್ಲೇ ಅವರೂ ಕಟ್ಟುವುದೆಂದು ಮಾತಾಗಿತ್ತು. ಮರುಳಸಿದ್ದಯ್ಯ ಗೋಡೆ ಸವರಿ, "ಏನ್ಲಾ ಗಂಗಾಧರ, ಮಡಕೆ ಒಳಗೆ ಕುಂತಂಗೈತೆ, ತಣ್ಣಗೆ" ಎಂದ. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಕೆಂಚಪ್ಪ ಮೂಗು ಮೇಲೆತ್ತಿದ.

"ಏನೋ ಹುಳಿ ವಾಸನೆ ಬತ್ತೈತಲ್ಲ?"

ಮೂವರೂ ಅಟ್ಟ ಹತ್ತಿದೆವು. ಮಳೆಗಾಲದ ತಂಪನ್ನೆಲ್ಲ ಕುಡಿದ ಕಾಯಿಗಳಲ್ಲಿ ಅರ್ಧ ಕೊಳೆತಿದ್ದವು. ಉಳಿದವುಗಳಲ್ಲಿ ಬಹುಪಾಲು ಹಸಿರು ಮೊಳಕೆ ಬಿಟ್ಟು, ಸೂರಿನ ಕಡೆ ಮುಖ ಮಾಡಿ ನಿಂತಿದ್ದವು. ಅಂಚಿನಲ್ಲಿ ಒಂದಷ್ಟು ಮಾತ್ರ ಇನ್ನೂ ಯೋಚಿಸುತ್ತಿದ್ದವು.

"ಪ್ರಕೃತಿ ಜೊತೆ ಬಾಳ್ಬೇಕು ಅಂತಿದ್ದಲ್ಲ, ಬಂದೈತೆ ನೋಡು ಮನೆಗೇ" ಎಂದ ಮರುಳಸಿದ್ದಯ್ಯ.

ಶಿವರುದ್ರಮ್ಮ ಏಣಿಯ ಮೇಲೆ ನಿಂತು ಒಂದು ಕಾಯಿ ಅಲ್ಲಾಡಿಸಿದಳು. ಒಳಗೆ ನೀರು ಗುಳುಗುಳು ಎಂದಿತು. ಅದನ್ನು ನನ್ನ ಕೈಗೆ ಕೊಟ್ಟು ಇಳಿದಳು. ಬೈದಿದ್ದರೆ ಚೆನ್ನಾಗಿತ್ತು.

"ಉಳಿದವಕ್ಕಾದ್ರೂ ಹೊಗೆ ಹಾಕನ" ಎಂದ ಕೆಂಚಪ್ಪ. ಬೇಗ ಒಣಗಲೆಂದು ಮಟ್ಟೆ, ಚಿಪ್ಪು ಅಟ್ಟದ ಕೆಳಗೆ ತುಸು ಧಾರಾಳವಾಗಿಯೇ ರಾಶಿ ಹಾಕಿದೆವು. ಹೊಗೆಗೆ ಪ್ರವೇಶವಿಲ್ಲವೆಂಬ ನನ್ನದೇ ಬರಹದ ಕೆಳಗೆ ಕುಕ್ಕರುಗಾಲಲ್ಲಿ ಕೂತು ನಾನೇ ಕೊಳವೆ ಊದಿದೆ. ಕಿಡಿಗಳು ಅಟ್ಟದ ಸಂದಿಯಲ್ಲಿ ನುಸುಳಿ ಮೇಲೇರಿ, ಗರಿಯ ಸೂರನ್ನು ಕಂಡು ಸಂತೋಷಪಟ್ಟವು.

ಆಮೇಲಿನದು ಬೇಗ ಮುಗಿಯಿತು. ಕಾಯಿ ಕೀಳುವ ದೋಟಿ ತಂದು ಮೂವರೂ ಉರಿಯುವ ಗರಿಯನ್ನು ಎಳೆದೆಳೆದು ಅಂಗಳಕ್ಕೆ ಕೆಡವಿದೆವು. ಶಿವರುದ್ರಮ್ಮ ಕೊಡಗಟ್ಟಲೆ ನೀರು ಸುರಿದಳು. ಗೋಡೆ ಉಳಿಯಿತು, ಅಟ್ಟ ಉಳಿಯಿತು. ಸೂರು ಮಾತ್ರ ಪೂರ್ತಿ ಹೋಯಿತು. ಉಸಿರು ಬಿಟ್ಟು ತಿರುಗಿ ನೋಡಿದರೆ ಹೆಂಡತಿ ಇಲ್ಲ.

ಅವಳು ಅಟ್ಟದ ಮೇಲಿದ್ದಳು. ಮುಖವೆಲ್ಲ ಮಸಿ. ಒದ್ದೆ ಕಾಯಿಗಳ ನಡುವೆ ಕಾಲು ಚಾಚಿ ಕೂತಿದ್ದಳು.

"ಇಳಿಯೇ, ಇನ್ನೂ ಕಾವೈತೆ."

"ಸುಮ್ಕೆ ಬರ್ರಿ ಇಲ್ಲಿ."

ಹತ್ತಿ ಹೋಗಿ ಪಕ್ಕದಲ್ಲಿ ಕೂತೆ. ಮುಳುಗಿದ ಹೊತ್ತಿನ ಬೆಳಕು ಇನ್ನೂ ಇತ್ತು. ನಾಲ್ಕು ದಿಕ್ಕಿನ ಮರಗಳ ಗರಿಗಳು ದೂರ ಸರಿದು ನಿಂತಿದ್ದವು.

"ನೋಡಿ, ಎಲ್ಲೂ ಹರಿದಿಲ್ಲ" ಎಂದಳು.

ಸಂಜೆ ಅವಳು ಕಣದಲ್ಲಿ ಅಷ್ಟು ಹೊತ್ತು ಏನು ಮಾಡುತ್ತಿದ್ದಳೆಂದು ಆಗ ನನಗೆ ಹೊಳೆಯಿತು. ಅವಳ ಒಂದೇ ಒಂದು ಆಕಾಶದ ಮೇಲೆ ನಾನು ನಗರ ಕಟ್ಟಿದ್ದೆ.

ಗೆಳೆಯರೂ ಹತ್ತಿ ಬಂದರು. ಒಂದೇ ತಟ್ಟೆಯಲ್ಲಿ ಮಂಡಕ್ಕಿ. "ಜೈಲಲ್ಲೂ ಹಿಂಗೇ ಕುಂತಿದ್ವಿ ಕಣ್ಲಾ" ಎಂದ ಮರುಳಸಿದ್ದಯ್ಯ. "ಅಲ್ಲಿ ಸೂರಿತ್ತು" ಎಂದ ಕೆಂಚಪ್ಪ. ಎಲ್ಲರೂ ನಕ್ಕೆವು. ನಾನು ಬೇಡಿದ್ದು ಇದನ್ನೇ. ಅಷ್ಟರಲ್ಲಿ ರಸ್ತೆಯ ಕಡೆ ತಿಪಟೂರು ಬಸ್ಸಿನ ಹಾರ್ನ್ ಕೇಳಿಸಿತು. ಇಬ್ಬರೂ ಎದ್ದು ಚಪ್ಪಲಿ ಹುಡುಕಿದರು.

ಮರುದಿನ ಶಿವರುದ್ರಮ್ಮ ತೀರ್ಪು ಕೊಟ್ಟಳು. "ಗೋಡೆ ತಂಪೈತೆ, ಇರ್ಲಿ. ಗ್ಯಾಸು ಕಣ್ಣು ಉರ್ಸಲ್ಲ, ಇರ್ಲಿ. ಕಾಯಿಗೆ ಹಿತ್ಲಲ್ಲಿ ಬೇರೆ ಹೊಗೆಮನೆ ಮಾಡ್ಸಿ. ಇದ್ರ ಮೇಲೆ ಮತ್ತೆ ಗರಿ ಹೊದಿಸಿದ್ರೆ ಈ ಸಲ ನಾನೇ ಕಡ್ಡಿ ಗೀರ್ತೀನಿ."

ನಡುವೆ ಕಲ್ಲುಕಂಬ ಕೊಟ್ಟರೆ ತಾರಸಿ ನಿಲ್ಲುತ್ತದೆಂದು ಮೇಸ್ತ್ರಿ ಹೇಳಿದ. ನಾನು ತಾಲ್ಲೂಕು ಕಚೇರಿಗೆ ಹೋಗಿ ಸಿಮೆಂಟಿನ ಪರ್ಮಿಟ್ಟು ಕೇಳಿದೆ. ಗುಮಾಸ್ತ ಕನ್ನಡಕ ಏರಿಸಿದ.

"ಅವತ್ತು ವಾಪಸ್ ಕೊಟ್ಟೋರು ನೀವೇ ಅಲ್ವೇ? ಒಳ್ಳೇ ಭಾಷಣ ಕಣ್ರೀ. ನಾನೂ ಕಿಟಕೀಲಿ ನಿಂತು ಚಪ್ಪಾಳೆ ಹೊಡ್ದಿದ್ದೆ" ಎಂದು ಮುಂದಿನವರನ್ನು ಕರೆದ. ಈಗೀಗ ಪರ್ಮಿಟ್ಟಿಲ್ಲದೆಯೂ ಸಿಗುವ ದುಬಾರಿ ಸಿಮೆಂಟು ಕೊಳ್ಳೋಣವೆಂದರೆ ಈ ವರ್ಷ ನನ್ನಲ್ಲಿರುವುದು ಕೊಬ್ಬರಿಯಲ್ಲ, ತೆಂಗಿನ ಸಸಿ.

ಈಗ ಅವಳು ದಿನಾ ಸಂಜೆ ಅಟ್ಟ ಹತ್ತುತ್ತಾಳೆ. ಮಳೆ ಶುರುವಾದರೆ ಅದೂ ಇಲ್ಲ, ಸೂರಿಲ್ಲದ ಮಣ್ಣಿನ ಗೋಡೆಯೂ ಇಲ್ಲ.

ತಿಪಟೂರಿನ ಸಭೆಯಲ್ಲಿ ಕೈ ಎತ್ತಿದವರು ನೀವು. ಇದನ್ನು ಓದುತ್ತಿದ್ದೀರೆಂದು ನನಗೆ ಗೊತ್ತು. ಸಹಾನುಭೂತಿಯ ಕಾಗದ ಬರೆಯಬೇಡಿ, ಸಭೆ ಕರೆಯಬೇಡಿ. ಅವತ್ತು ಎತ್ತಿದ ಅದೇ ಕೈಯಲ್ಲಿ ತಲೆಗೊಂದು ಮೂಟೆ ಸಿಮೆಂಟು ಹೊತ್ತು, ಮಳೆಗೆ ಮುಂಚೆ ನಮ್ಮ ತೋಟಕ್ಕೆ ಬನ್ನಿ.