ಬೆಳ್ಳಕ್ಕಿಗಳಿಗೆ ಕೊಟ್ಟ ಬಿಳಿ ಸೀರೆ

ಕೆರೆಯ ಎದುರು ಹಾಸ್ಟೆಲ್ ಇದ್ದರೆ, ಮೇಟ್ರನ್ ಎಷ್ಟೇ ಶಿಸ್ತಿನವಳಾದರೂ ಹಕ್ಕಿಗಳು ಅವಳನ್ನು ನಗೆಪಾಟಲು ಮಾಡದೆ ಬಿಡುವುದಿಲ್ಲ. ತೊಂಬತ್ತರ ದಶಕದಲ್ಲಿ ತೆರಕಣಾಂಬಿ ಕಡೆಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ಮೇಟ್ರನ್. ಕಾನ್ವೆಂಟಿನಲ್ಲಿ ಓದಿದವಳು. ಇಸ್ತ್ರಿ ಮುರಿಯದ ಬಿಳಿ ಸೀರೆ, ಊಟಕ್ಕೂ ಪ್ರಾರ್ಥನೆಗೂ ನೇರ ಸಾಲು, ಇವು ನನ್ನ ನಿಯಮ. ಕೆರೆಯಲ್ಲಿ ಮೀನು ಹಿಡಿಯುವ ಗಂಡ ಹೆಂಡತಿಗೆ ಯಾವ ನಿಯಮವೂ ಇರಲಿಲ್ಲ. ಅಲ್ಲಿನ ಹಕ್ಕಿಗಳಿಗಂತೂ ಮೊದಲೇ ಇಲ್ಲ.

1. ಗರುಡ

ಹಾಸ್ಟೆಲಿನ ಭಾನುವಾರದ ಮೀನುಸಾರಿಗೆ ಆ ಹೆಂಡತಿಯೇ ಮೀನು ತರುತ್ತಿದ್ದಳು. ಒಮ್ಮೆ ಗೇಟಿನ ಮುಂದೆ ಬುಟ್ಟಿ ಇಳಿಸಿದ್ದೇ ತಡ, ಹಕ್ಕಿಯೊಂದು ಎರಗಿ ಮೀನನ್ನು ಎತ್ತಿಕೊಂಡು ಹೋಯಿತು. ಆಕೆ ಕಲ್ಲು ತೆಗೆದುಕೊಂಡಳು. ಗರುಡವೆಂದು ಕಂಡೊಡನೆ ಕಲ್ಲು ಬಿಸಾಕಿ, ಕೆನ್ನೆ ಬಡಿದುಕೊಂಡು ಕೈಮುಗಿದಳು. ಮುಗಿದ ಕೈ ಇಳಿಸದೆ, "ನಿನ್ ಮನೆ ಆಳಾಗ, ದೊಡ್ಡದ್ನೇ ಎತ್ಕಂಡೋದ್ಯಲ್ಲಾ!" ಎಂದಳು.

"ಕೈಮುಗಿಯುವುದಾದರೆ ಮುಗಿ, ಬೈಯುವುದಾದರೆ ಬೈ. ಎರಡೂ ಒಟ್ಟಿಗೆ ಏನಿದು?" ಎಂದೆ.

"ಕೈ ಮುಗ್ದಿದ್ದು ದೇವ್ರಿಗೆ ಕಣ್ರವ್ವ. ಬೈದಿದ್ದು ಕಳ್ಳಂಗೆ."

2. ಬೆದರುಬೊಂಬೆ

ಒಂದು ವರ್ಷ ಗಂಡ ಮೀನುಮರಿಗಳನ್ನು ತಂದು ಕೆರೆಯಂಚಿನ ಹೊಂಡದಲ್ಲಿ ಬಿಟ್ಟ. ಕೊಂಚ ಬೆಳೆದ ಮೇಲೆ ಅವನ್ನು ಕೆರೆಗೆ ಬಿಡಬೇಕು. ಅಷ್ಟರಲ್ಲಿ ಬೆಳ್ಳಕ್ಕಿಗಳಿಗೆ ಹೊಂಡದ ರುಚಿ ಹತ್ತಿತು.

"ಮರಿ ಉಳೀನಿಲ್ಲ ಅಂದ್ರೆ ಕೆರೆ ಬುಟ್ಟು ಕೊಡಗಿನ ತೋಟಕ್ಕೆ ಕೂಲಿಗೆ ಓಗ್ಬೇಕು ಅಮ್ಮಾವ್ರೆ. ನಿಮ್ದೊಂದು ಅಳೇ ಸೀರೆ ಕೊಡಿ, ಬೆದರುಬೊಂಬೆ ನಿಲ್ಲುಸ್ತೀನಿ."

"ನಿನ್ನ ಹೆಂಡತಿಯ ಹಳೆ ಸೀರೆ ಇಲ್ಲವೇ?"

ಆತ ತಲೆ ಕೆರೆದುಕೊಂಡ. "ಅವ್ಳ್ಗೆ ನಾನೊಬ್ನೇ ಎದರೋದು. ನಿಮ್ಗಾದ್ರೆ ಊರೇ ಎದರ್ತದೆ."

ನನಗೆ ಸಂತೋಷವಾಯಿತು. ಸೀರೆಗೆ ಇಸ್ತ್ರಿ ಹಾಕಿಸಿಯೇ ಕೊಟ್ಟೆ.

3. ಸಾಲು

ಮರುದಿನ ಬೆಳಿಗ್ಗೆ ಹುಡುಗಿಯರೆಲ್ಲ ಕಿಟಕಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಹೊಂಡದಲ್ಲಿ ನನ್ನ ಸೀರೆಯುಟ್ಟ ಬೊಂಬೆ. ಅದರ ಸುತ್ತ ಕೆರೆಯ ಬೆಳ್ಳಕ್ಕಿಗಳೆಲ್ಲ ನೆಂಟರಂತೆ ನೆರೆದಿವೆ! ಬಿಳಿಯ ಬಣ್ಣ ಕಂಡು ತಮ್ಮವಳೇ ಎಂದುಕೊಂಡಿದ್ದವು.

"ಏನ್ ಬುದ್ವಂತ್ನಪ್ಪ ನೀನು! ಅವುಕ್ಕೆ ದೊಡ್ಡಮ್ಮನ್ನ ತಂದು ನಿಲ್ಲಿಸ್ಬುಟ್ಟಿದ್ದೀಯಲ್ಲ!" ಎಂದು ಹೆಂಡತಿ ಬೊಂಬೆಯನ್ನು ಕಿತ್ತು ಹೆಗಲಿಗೇರಿಸಿ, ಆಚೆ ದಡದ ಕೆಸರಿನಲ್ಲಿ ನೆಟ್ಟು ಬಂದಳು. ಹಕ್ಕಿಗಳೂ ಹಿಂದೆಯೇ ಹೋದವು. ಅಲ್ಲಿ ಬೇಕಾದಷ್ಟು ಕಪ್ಪೆ. ಹೊಂಡದ ನೆನಪೇ ಅವಕ್ಕೆ ಆಗಲಿಲ್ಲ. ಮರಿಗಳು ಉಳಿದವು, ಕೆರೆ ಸೇರಿ ಬೆಳೆದವು. ಕೊಡಗಿನ ಮಾತು ಮತ್ತೆ ಬರಲಿಲ್ಲ.

ಮೊದಲ ಬಲೆ ಎಳೆಯುವ ದಿನ ನನ್ನನ್ನೂ ಕರೆದರು. ಬಿಳಿ ಸೀರೆಯುಟ್ಟು, ಕೊಡೆ ಹಿಡಿದು, ಕೆರೆಯನ್ನೊಂದು ಸುತ್ತು ಹಾಕಿ, ಬೊಂಬೆ ನಿಂತಿದ್ದ ಆಚೆ ದಡದಿಂದ ನಡೆದು ಬಂದೆ. ಗಂಡ ಬಲೆಯನ್ನು ಅರ್ಧಕ್ಕೇ ಬಿಟ್ಟು ನಿಂತ.

"ಇಂದಕ್ಕೆ ತಿರುಗಿ ನೋಡಿ ಅಮ್ಮಾವ್ರೆ," ಎಂದಳು ಹೆಂಡತಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

ನೋಡಿದೆ. ಬೆಳ್ಳಕ್ಕಿಗಳು ನನ್ನ ಹಿಂದೆ ಸಾಲಾಗಿ ನಡೆದು ಬರುತ್ತಿದ್ದವು. ಹಾಸ್ಟೆಲಿನ ಹುಡುಗಿಯರು ಒಮ್ಮೆಯೂ ಅಷ್ಟು ನೇರವಾಗಿ ನಿಂತದ್ದಿಲ್ಲ. ಕೊನೆಯದೊಂದು ಮಾತ್ರ ಪಕ್ಕಕ್ಕೆ ಸರಿದಿತ್ತು.

"ಏಯ್, ಸಾಲಿನಲ್ಲಿ ಬಾ," ಎಂದೆ.

ಬಂತು.