ಬೆನ್ನಿನ ಇಂಜೆಕ್ಷನ್ನಿಗೆ ಒಬ್ಬ ತಮ್ಮ ಬೇಕಾಗಿದ್ದ

ಸೊಂಟದಿಂದ ಎಡಗಾಲಿಗೆ ನೋವು ಇಳಿಯತೊಡಗಿ ಆರು ತಿಂಗಳಾಗಿತ್ತು. ಎಕ್ಸ್-ರೇಯಲ್ಲಿ ನೋಡುತ್ತಾ ಬೆನ್ನುಮೂಳೆಯ ಸಂದಿಗೆ ಇಂಜೆಕ್ಷನ್ ಕೊಡುತ್ತೇವೆ ಎಂದ ಮೈಸೂರಿನ ಡಾಕ್ಟರಮ್ಮ, ಸೂಚನೆಗಳ ಹಾಳೆಯೊಂದನ್ನೂ ಕೊಟ್ಟರು. ತಿ. ನರಸೀಪುರದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಊರವರ ಕಾಗದಗಳನ್ನೆಲ್ಲ ಕಾಪಾಡಿದವನು ನಾನು. ನನಗೆ ಸೂಚನೆಯೇ! ಹಾಳೆಯನ್ನು ಅಚ್ಚುಕಟ್ಟಾಗಿ ಮಡಚಿ ಫೈಲಿಗೆ ಸೇರಿಸಿದೆ. ಓದಲಿಲ್ಲ.

ಹೇಳಿದ ದಿನ ನಂಜನಗೂಡಿನ ಮನೆಗೆ ಬೀಗ ಹಾಕಿ ಒಬ್ಬನೇ ಬಸ್ಸು ಹತ್ತಿದೆ.

"ಜೊತೇಲಿ ಯಾರು ಬಂದಿದ್ದಾರೆ ಸಾರ್?" ಎಂದಳು ನರ್ಸ್. "ಯಾರೂ ಇಲ್ದಿದ್ರೆ ಇಂಜೆಕ್ಷನ್ ಕೊಡಲ್ಲ. ಹಾಳೇಲಿ ಬರ್ದಿತ್ತಲ್ಲ?"

ಐವತ್ತಾರು ದಾಟಿದ ಬ್ರಹ್ಮಚಾರಿ ನಾನು. "ತಮ್ಮ ಬಂದಿದ್ದಾನೆ, ಕಾಫಿಗೆ ಹೋಗಿದ್ದಾನೆ" ಎಂದುಬಿಟ್ಟೆ!

ಹೊರಗಿನ ಬೆಂಚಿನಲ್ಲಿ ಮೂಗೂರಿನ ರೈತರೊಬ್ಬರು ಹೆಂಡತಿಯ ಸರದಿಗೆ ಕಾಯುತ್ತಿದ್ದರು. ಅರ್ಧ ಗಂಟೆ ನನ್ನ ತಮ್ಮನಾಗುವಿರಾ ಎಂದು ಬೇಡಿದೆ.

"ಅಷ್ಟೇ ತಾನೇ ಸಾ? ಆಯ್ತೀನಿ ಬುಡಿ!"

ಅವರು ತಮ್ಮನಾದ ವೇಗಕ್ಕೆ ನಾನೇ ಬೆರಗಾದೆ. ನರ್ಸ್ ನನ್ನನ್ನು ಏನು ಕೇಳಿದರೂ ಉತ್ತರ ಅವರದೇ.

"ರಕ್ತ ತೆಳುವಾಗೋ ಮಾತ್ರೆ ಏನಾದ್ರೂ ತಗೋತೀರಾ?"

"ನಮ್ಮಣ್ಣಾನಾ? ಮಾತ್ರೆಗೀತ್ರೆ ಮುಟ್ಟೋ ಆಳೇ ಅಲ್ಲ ಕಣವ್ವ! ಕಲ್ಲಿದ್ದಂಗವ್ನೆ!"

ಹೃದಯಕ್ಕೆಂದು ಕೊಟ್ಟ ಅಂಥದೇ ಮಾತ್ರೆಯನ್ನು ಆ ಬೆಳಿಗ್ಗೆಯೂ ನುಂಗಿದ್ದೆ. ತಿದ್ದಬೇಕಿತ್ತು. ಆದರೆ ಒಬ್ಬರು ಎದೆಯುಬ್ಬಿಸಿ 'ನಮ್ಮಣ್ಣ' ಎನ್ನುವುದನ್ನು ಕೇಳಿ ಎಷ್ಟು ವರ್ಷಗಳಾಗಿದ್ದವೋ!

ಒಳಗೆ ಬೋರಲು ಮಲಗಿಸಿದರು. ಬೆನ್ನಿಗೆ ತಣ್ಣನೆಯ ಔಷಧಿ ಬಳಿದರು. ಡಾಕ್ಟರಮ್ಮ ಬಗ್ಗಿ, "ಇನ್ನೊಂದ್ಸಲ ನಿಮ್ಮ ಬಾಯಿಂದಲೇ ಹೇಳಿ. ಹೆಸರು? ಯಾವ ಕಾಲು? ರಕ್ತ ತೆಳುವಾಗೋ ಮಾತ್ರೆ?" ಎಂದರು.

ಹೆಸರು ಹೇಳಿದೆ. ಕಾಲು ಹೇಳಿದೆ. "ಒಂದು... ಇದೆ. ಬೆಳಿಗ್ಗೆ ತಗೊಂಡೆ."

ಸೂಜಿ ಟ್ರೇಗೆ ಮರಳಿತು.

"ಒಳಗೆ ರಕ್ತ ಸೋರಿ ನರ ಒತ್ತಿದ್ರೆ ಕಾಲಿನ ಸ್ವಾಧೀನವೇ ಹೋಗಬಹುದಿತ್ತು! ನಿಮ್ಮ ತಮ್ಮ ಇಲ್ಲ ಅಂದ್ರಂತಲ್ಲ?"

"ಅವರು ನನ್ನ ತಮ್ಮ ಅಲ್ಲ."

"ಮತ್ತೆ ಯಾರು?"

"ಹೆಸರು ಕೇಳಿಲ್ಲ ಮೇಡಂ."

ಹೃದಯದ ಡಾಕ್ಟರನ್ನು ವಿಚಾರಿಸಿ, ಅವರು ಹೇಳಿದಂತೆ ಮಾತ್ರೆ ನಿಲ್ಲಿಸಿ, ನಿಜವಾಗಿ ಗೊತ್ತಿರುವ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದು ಕಳಿಸಿದರು. ಮೊದಲಿನ ಕೆಲಸ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಕೊನೆಯದಕ್ಕೆ ಮೂರು ವಾರ ಹಿಡಿಯಿತು! ಮೊಬೈಲಿನ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದೆ: ಗ್ಯಾಸಿನವನು, ಕೇಬಲ್ಲಿನವನು, ವರ್ಗವಾಗಿ ಹೋದ ಸಾಹೇಬರು. ಕಡೆಗೆ ಪಕ್ಕದ ಮನೆಯ ಶಿವಣ್ಣನವರ ಬಾಗಿಲು ತಟ್ಟಿದೆ. ಒಂಬತ್ತು ವರ್ಷದಲ್ಲಿ ಅದೇ ಮೊದಲು.

"ಓಗುವಾ ಬನ್ನಿ ಸಾ. ಅದ್ಕ್ಯಾಕಿಂಗೆ ಬೆವುರ್ತಿದ್ದೀರಿ?" ಎಂದರು ಅವರು.

ಇಂಜೆಕ್ಷನ್ ಸುಸೂತ್ರವಾಗಿ ಆಯಿತು. ಕಾಲಿನ ಜೋಮು ಇನ್ನೂ ಬಿಟ್ಟಿರಲಿಲ್ಲ. ಶಿವಣ್ಣ ತೋಳು ಹಿಡಿದು ಮನೆಯವರೆಗೆ ಕರೆತಂದರು. ಕಾಫಿ ಕುಡಿದೇ ಹೋಗಬೇಕು ಎಂದು ಭಾರೀ ಗತ್ತಿನಿಂದ ಒಳಗೆ ಕರೆದೆ. ಆಮೇಲೆ ಕಣ್ಣಿಗೆ ಬಿತ್ತು: ಮನೆಯಲ್ಲಿದ್ದದ್ದು ಒಂದೇ ಕುರ್ಚಿ!

ಅದರಲ್ಲಿ ಅವರನ್ನು ಕೂರಿಸಿದೆ. ಆಗಷ್ಟೇ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು ಬಂದ ಮಹಾನುಭಾವ ನಾನು ಗೋಡೆಗೆ ಒರಗಿ ನಿಂತಿದ್ದೆ.